ಹೆಸರು ಮತ್ತು ನಡೆ: ತಂತ್ರದಾಟಗಳಲ್ಲಿ ಹೊಸ ಕಾಯಿಯ ನಿರ್ಮಾಣವನ್ನು ಕುರಿತು

ಆಟವನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳುವುದು ವಿದ್ವತ್ಪತ್ರಿಕೆಯ ಗಾಂಭೀರ್ಯಕ್ಕೆ ಒಗ್ಗದೆಂದು ಕೆಲವರು ಭಾವಿಸಬಹುದು. ನಮ್ಮ ನಾಡಿನ ಹಿರಿಯರು ಹಾಗೆ ಭಾವಿಸಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜ್ಯವನ್ನು ಸ್ಥಿರಗೊಳಿಸುವ ಉಪಾಯಗಳಿಗೆ ಒಂದು ವಿಂಶತಿಯನ್ನು ಮೀಸಲಿಟ್ಟಂತೆಯೇ ಕ್ರೀಡೆಗಳಿಗೂ ಒಂದು ವಿಂಶತಿಯನ್ನು ಮೀಸಲಿಟ್ಟು, ಚದುರಂಗವನ್ನು ಅಲ್ಲಿ ನಿರೂಪಿಸಿದ್ದಾನೆ. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಎಡೆಗೊಟ್ಟರು. ಅಷ್ಟೇ ಅಲ್ಲ, ಇದ್ದ ಆಟಗಳನ್ನು ವಿವರಿಸುವುದರಿಂದ ತೃಪ್ತರಾಗದೆ ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ಹೊಸ ಆಟವೆಂದರೆ ಹೊಸ ಕಾಯಿ, ಹೊಸ ಎಲೆ, ಹೊಸ ನಿಯಮ. ಹೀಗೆ ಆಟಕ್ಕೆ ಹೊಸ ಕಾಯಿಯನ್ನು ತರುವುದೆಂದರೇನು, ಅದು ಯಾವಾಗ ಸಾರ್ಥಕವಾಗುತ್ತದೆ, ಯಾವಾಗ ವ್ಯರ್ಥವಾಗುತ್ತದೆ ಎಂಬುದೇ ಈ ಲೇಖನದ ವಿಚಾರ.

ಈ ವಿಚಾರಕ್ಕೆ ಈಗ ಹೊಸದೊಂದು ಅಗತ್ಯ ಒದಗಿದೆ. ಅರಮನೆಯಲ್ಲಿ ಒಬ್ಬ ದೊರೆಗೆ ಸಾಧ್ಯವಾಗಿದ್ದ ಈ ಕೆಲಸ ಇಂದು ಗಣಕಯಂತ್ರವುಳ್ಳ ಯಾವ ಹುಡುಗನಿಗೂ ಸಾಧ್ಯವಾಗಿದೆ. ಕಂಪ್ಯೂಟರಿನಲ್ಲಿ ಆಡುವ ತಂತ್ರದಾಟಗಳೊಡನೆ ‘ಮ್ಯಾಪ್ ಎಡಿಟರ್’ ಎಂಬ ಉಪಕರಣವೊಂದು ಬರುತ್ತದೆ. ಅದರಲ್ಲಿ ಆಟಗಾರನು ತನಗೆ ಬೇಕಾದ ನೆಲವನ್ನು ರಚಿಸಿ, ಹೊಳೆ ಹರಿಸಿ, ಕಾಡು ಬೆಳೆಸಿ, ಸೈನ್ಯವನ್ನು ನಿಲ್ಲಿಸಬಹುದು. ಈ ಆಟಗಳಲ್ಲಿ ಒಬ್ಬೊಬ್ಬ ಭಟನಿಗೂ ಒಂದೊಂದು ಆನೆಗೂ ಹಡಗಿಗೂ ‘ಯೂನಿಟ್’ ಎಂಬುದು ರೂಢಿಯ ಹೆಸರು. ನಾವು ಅದನ್ನು ಕಾಯಿ ಎಂಬ ಹಳೆಯ ಮಾತಿನಿಂದಲೇ ಕರೆಯುತ್ತೇವೆ. ಏಕೆಂದರೆ ಪಗಡೆಯ ಹಾಸಿನ ಮೇಲಿರುವುದಕ್ಕೂ ತೆರೆಯ ಮೇಲೆ ಕಾಣುವುದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಕಾಯಿಯೊಂದರಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು: ರೂಪ, ಹೆಸರು, ನಡೆ. ಇವುಗಳಲ್ಲಿ ಮೊದಲೆರಡು ಕಣ್ಣಿಗೂ ಕಿವಿಗೂ ಸೇರಿದವು. ಮೂರನೆಯದು ಮಾತ್ರ ಆಟಕ್ಕೆ ಸೇರಿದುದು. ಚದುರಂಗದ ಆನೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಕ್ರಿಸ್ತಶಕ 1030ರ ಸುಮಾರಿನಲ್ಲಿ ಅಲ್‌ಬೆರೂನಿಯು ವಾಯವ್ಯ ಭಾರತದ ಚದುರಂಗವನ್ನು ವರ್ಣಿಸುವಾಗ, ಆನೆಯು ಮುಂದಕ್ಕೆ ಒಂದು ಮನೆ ಅಥವಾ ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುತ್ತದೆಂದು ಹೇಳುತ್ತಾನೆ. ಒಂದು ಸೊಂಡಿಲು, ನಾಲ್ಕು ಕಾಲು, ಒಟ್ಟು ಐದು ನಡೆ. ಅರಬ್ಬರ ಶತರಂಜಿನಲ್ಲಿ ಅದೇ ಆನೆ ಮೂಲೆಯ ದಾರಿಯಲ್ಲಿ ನಡುವಿನ ಮನೆಯನ್ನು ಹಾರಿ ಎರಡನೆಯ ಮನೆಗೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಈಗ ಆನೆ ಎಂದು ಕರೆಯುವ ಮೂಲೆಯ ಕಾಯಿಯೋ ತಡೆಯಿಲ್ಲದಷ್ಟು ದೂರ ನೇರವಾಗಿ ಸಾಗುತ್ತದೆ. ಹೆಸರು ಒಂದೇ, ಆದರೆ ಆಟದ ದೃಷ್ಟಿಯಿಂದ ಇವು ಮೂರು ಬೇರೆ ಪ್ರಾಣಿಗಳು. ಐದು ನಡೆಯ ಆನೆ ತನ್ನ ಕಾಲಾಳುಗಳ ಬೆನ್ನಿಗೆ ಅಂಟಿಕೊಂಡಿರಬೇಕು. ಹಾರುವ ಆನೆ ಹಲಗೆಯ ಎಂಟು ಮನೆಗಳನ್ನು ಮಾತ್ರ ಮುಟ್ಟಬಲ್ಲುದು. ನೇರನಡೆಯ ಆನೆ ಬಯಲು ತೆರೆಯುವ ತನಕ ಕಾಯುತ್ತದೆ. ಕಾಯಿಯ ವ್ಯಕ್ತಿತ್ವವೆಂಬುದು ಅದು ಉಳಿದ ಕಾಯಿಗಳಿಂದ ಏನನ್ನು ಮಾಡಿಸುತ್ತದೆ ಎಂಬುದರಲ್ಲಿದೆ.

ಹೆಸರಿನ ವಿಷಯದಲ್ಲಿಯೂ ಒಂದು ಭೇದವನ್ನು ಇಲ್ಲಿಯೇ ಗಮನಿಸಬೇಕು. ಕೃಷ್ಣರಾಜನಗರಕ್ಕೆ ಹಿಂದಿದ್ದ ಹೆಸರು ಎಡತೊರೆ. ಎಡತೊರೆ ಎಂಬುದು ಹೊಳೆ ಯಾವ ಕಡೆಗಿದೆಯೆಂಬುದನ್ನು ಹೇಳುವ ಹೆಸರು. ಕೃಷ್ಣರಾಜನಗರವೆಂಬುದು ನಾಲ್ವಡಿ ಕೃಷ್ಣರಾಜ ಒಡೆಯರ ಗೌರವಾರ್ಥವಾಗಿ ಬಂದ ಹೆಸರು. ಅದರಿಂದ ಊರಿನ ನೆಲೆಯಾಗಲಿ ನೀರಾಗಲಿ ತಿಳಿಯುವುದಿಲ್ಲ. ಎರಡೂ ಯೋಗ್ಯವಾದ ಹೆಸರುಗಳೇ. ಆದರೆ ಆಟದ ಕಾಯಿಗೆ ಮೊದಲನೆಯ ಬಗೆಯ ಹೆಸರು ಬೇಕು: ಹೆಸರು ಕೇಳಿದೊಡನೆ ನಡೆ ಹೊಳೆಯಬೇಕು. ಗೌರವಕ್ಕಾಗಿ ಮಾತ್ರ ಇಟ್ಟ ಹೆಸರು ಕಾಯಿಯ ಮೇಲೆ ಹೊದಿಸಿದ ಶಾಲು ಮಾತ್ರ.

ಇನ್ನು ಎಡಿಟರುಗಳ ಸ್ವರೂಪವನ್ನು ನೋಡೋಣ. 1998ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟದ ಎಡಿಟರಿನಲ್ಲಿ ಇದ್ದ ಕಾಯಿಯ ಹೆಸರು, ಪ್ರಾಣಬಲ, ಕವಚ, ಬೆಲೆ, ಹೊಡೆತದ ಪ್ರಮಾಣ ಇವುಗಳನ್ನು ಬದಲಾಯಿಸಬಹುದಾಗಿತ್ತು. ಹೊಸ ಕಾಯಿಯನ್ನು ಹುಟ್ಟಿಸುವಂತಿರಲಿಲ್ಲ. 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಆಟದ ಎಡಿಟರಿನಲ್ಲಿಯೂ ಕಥೆಯನ್ನು ಹೆಣೆಯುವ ಸೌಲಭ್ಯವಿತ್ತೇ ಹೊರತು ಕಾಯಿಯನ್ನು ಸೃಷ್ಟಿಸುವ ಸೌಲಭ್ಯವಿರಲಿಲ್ಲ. 2002ರ ‘ವಾರ್‌ಕ್ರಾಫ್ಟ್’ ಮೂರನೆಯ ಆಟ ಈ ಬಾಗಿಲನ್ನು ತೆರೆಯಿತು. ಅದರ ಎಡಿಟರಿನಲ್ಲಿ ಆಟಗಾರನು ಇರುವ ಕಾಯಿಯೊಂದನ್ನು ಆರಿಸಿ, ಅದರ ಪ್ರತಿಯೊಂದನ್ನು ಮಾಡಿಕೊಂಡು, ಆ ಪ್ರತಿಯ ನೂರಕ್ಕೂ ಮಿಗಿಲಾದ ಅಂಕಣಗಳಲ್ಲಿ ತನಗೆ ಬೇಕಾದುದನ್ನು ತಿದ್ದಬಹುದು: ಆಕೃತಿ, ದನಿ, ವೇಗ, ದೃಷ್ಟಿಯ ದೂರ, ಹೊಡೆತದ ಬಗೆ, ಕವಚದ ಬಗೆ, ವಿಶೇಷ ಶಕ್ತಿಗಳು, ಹುಟ್ಟುವ ಮನೆ, ತಗಲುವ ಕಾಲ. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಹೊಸ ಕಾಯಿ ಶೂನ್ಯದಿಂದ ಹುಟ್ಟುವುದಿಲ್ಲ; ಅದಕ್ಕೆ ಯಾವಾಗಲೂ ಒಂದು ಮಾತೃಕೆ ಉಂಟು. ತಿದ್ದದೆ ಬಿಟ್ಟ ಅಂಕಣಗಳಲ್ಲೆಲ್ಲ ಆ ಮಾತೃಕೆಯ ಗುಣವೇ ಉಳಿದಿರುತ್ತದೆ. ನಿರ್ಮಾಪಕನು ಬದಲಾಯಿಸಿದುದರಷ್ಟೇ ಅವನು ಬದಲಾಯಿಸಲು ಮರೆತುದೂ ಕಾಯಿಯ ಸ್ವಭಾವವನ್ನು ನಿರ್ಣಯಿಸುತ್ತದೆ.

ಇಂಥ ಉಪಕರಣ ಕೈಗೆ ಬಂದೊಡನೆ ನಿರ್ಮಾಪಕರಲ್ಲಿ ಬಹುಮಂದಿ ಹಿಡಿಯುವ ಹಾದಿ ಅತಿಶಯೋಕ್ತಿಯದು. ಆ ಆಟದ ಸಾಮಾನ್ಯ ಕಾಲಾಳಿಗೆ 420 ಪ್ರಾಣ, 135 ಚಿನ್ನದ ಬೆಲೆ. ಹೊಸ ಭಟನನ್ನು ಮಾಡುವವನು ಪ್ರಾಣವನ್ನು ನಾಲ್ಕು ಸಾವಿರಕ್ಕೆ ಏರಿಸಿ, ಕತ್ತಿಗೆ ಹತ್ತುಮಡಿ ಹೊಡೆತವನ್ನು ಕೊಟ್ಟು, ಪುರಾಣದ ವೀರನೊಬ್ಬನ ಹೆಸರನ್ನಿಟ್ಟು ಕೃತಾರ್ಥನಾಗುತ್ತಾನೆ. ಆದರೆ ಆಟದಲ್ಲಿ ಇದರಿಂದ ಹೊಸದೇನೂ ಸಂಭವಿಸಲಿಲ್ಲ. ಹತ್ತು ಕಾಲಾಳುಗಳು ಮಾಡುವ ಕೆಲಸವನ್ನು ಒಬ್ಬನು ಮಾಡಿದನು, ಅಷ್ಟೆ. ಎದುರಾಳಿಯು ಹೊಸದಾಗಿ ಯೋಚಿಸಬೇಕಾದ ಪ್ರಸಂಗವೇ ಬರಲಿಲ್ಲ. ಕಾವ್ಯದಲ್ಲಿ ವಿಶೇಷಣಗಳನ್ನು ಪೇರಿಸಿ ವರ್ಣನೆಯಾಯಿತೆಂದು ಭಾವಿಸುವ ಕವಿಗೂ ಈತನಿಗೂ ಅಂತರವಿಲ್ಲ.

ಅದೇ ಆಟದಲ್ಲಿ ಹೊಡೆತದ ಬಗೆಗಳಿಗೂ ಕವಚದ ಬಗೆಗಳಿಗೂ ಇರುವ ಸಂಬಂಧವನ್ನು ಹೇಳುವ ಒಂದು ಕೋಷ್ಟಕವಿದೆ. 2003ರ ವಿಸ್ತರಣದಲ್ಲಿ ಗೊತ್ತುಪಡಿಸಿದಂತೆ ಚುಚ್ಚುವ ಬಾಣವು ಹಗುರ ಕವಚದವನಿಗೆ ಇಮ್ಮಡಿ ನೋವನ್ನು ಕೊಡುತ್ತದೆ. ಕೋಟೆಯ ಗೋಡೆಗೆ ನೂರಕ್ಕೆ ಮೂವತ್ತೈದರಷ್ಟನ್ನು ಮಾತ್ರ. ಹೊಸ ಕಾಯಿಯ ಕವಚದ ಬಗೆಯೊಂದನ್ನು ಬದಲಾಯಿಸಿದರೆ ಸಾಕು, ಅದರ ಶತ್ರುಗಳೂ ಮಿತ್ರರೂ ಬದಲಾಗುತ್ತಾರೆ. ಪ್ರಾಣಬಲವನ್ನು ಮುಟ್ಟದೆಯೇ ಹೊಸ ಜೀವವೊಂದು ಹುಟ್ಟುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯತತ್ತ್ವ ಇಲ್ಲಿಗೂ ಸಲ್ಲುತ್ತದೆ. ಸೊಂಟದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರೆ ಹೇಗೆ ಒಡವೆ ಒಡವೆಯಾಗುವುದಿಲ್ಲವೋ ಹಾಗೆಯೇ ಉಳಿದ ಕಾಯಿಗಳ ನಡುವೆ ತನ್ನ ಸ್ಥಾನವನ್ನು ಕಾಣದ ಶಕ್ತಿ ಶಕ್ತಿಯಾಗುವುದಿಲ್ಲ.

ಈ ಮಾತನ್ನು ಮೈಸೂರಿನ ಚರಿತ್ರೆಯ ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು. ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಪ್ರಸಿದ್ಧವಾಗಿವೆ. 1780ರ ಪೊಲ್ಲಿಲೂರಿನ ಯುದ್ಧದಲ್ಲಿ ಅವು ಬಳಕೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಮೈಸೂರಿನ ರಾಕೆಟ್ ಭಟನನ್ನು ಕಾಯಿಯಾಗಿ ಮಾಡಬೇಕೆಂದು ಹೊರಟವನು ಸಾಮಾನ್ಯವಾಗಿ ಫಿರಂಗಿಯ ಕಾಯಿಯೊಂದನ್ನು ಮಾತೃಕೆಯಾಗಿಟ್ಟುಕೊಂಡು, ಹೊಡೆತವನ್ನು ಹೆಚ್ಚಿಸಿ, ಹೆಸರನ್ನು ಬದಲಾಯಿಸುತ್ತಾನೆ. ಆಗ ದೊರೆಯುವುದು ಪೇಟ ಸುತ್ತಿಕೊಂಡ ಫಿರಂಗಿ. ಆ ರಾಕೆಟ್ಟಿನ ಗುಣ ಖಚಿತವಾದ ಗುರಿಯಲ್ಲ. ಅದು ಬಹುದೂರ ಹಾರುತ್ತಿತ್ತು. ಎಲ್ಲಿ ಬೀಳುವುದೆಂಬುದು ಹಾರಿಸಿದವನಿಗೂ ನಿಶ್ಚಯವಿರಲಿಲ್ಲ. ಒತ್ತೊತ್ತಾಗಿ ನಿಂತ ದಂಡಿನಲ್ಲಿಯೂ ಕುದುರೆಗಳಲ್ಲಿಯೂ ಗಲಿಬಿಲಿಯನ್ನು ಹುಟ್ಟಿಸುವುದೇ ಅದರ ಮುಖ್ಯ ಫಲವಾಗಿತ್ತು. ಆದುದರಿಂದ ನಿರ್ಮಾಪಕನು ಮಾಡಬೇಕಾದುದು ಬೇರೆ. ಅಸ್ತ್ರವು ಓಡುವವನನ್ನು ಹಿಂಬಾಲಿಸದೆ ನೆಲದ ಒಂದು ಬಿಂದುವಿಗೆ ಬೀಳುವಂತೆ ಗೊತ್ತುಪಡಿಸಬೇಕು. ಹೊಡೆತವನ್ನು ತಗ್ಗಿಸಿ, ಅದು ಹರಡುವ ವೃತ್ತವನ್ನು ಹಿಗ್ಗಿಸಬೇಕು. ಸುತ್ತಲಿನ ಶತ್ರುಗಳ ಹೊಡೆತವನ್ನು ಕೆಲಕಾಲ ಕುಗ್ಗಿಸುವ ಶಕ್ತಿಯೊಂದು ಆ ಆಟದಲ್ಲಿಯೇ ಇದೆ, ಅದನ್ನು ಜೋಡಿಸಬೇಕು. ಆಗ ಎದುರಾಳಿಯು ತನ್ನ ಸೈನ್ಯವನ್ನು ಚದುರಿಸಿ ನಡೆಸಲು ಕಲಿಯುತ್ತಾನೆ. ಚದುರಿದ ಸೈನ್ಯವನ್ನು ಕುದುರೆಸವಾರರು ಸುಲಭವಾಗಿ ಮುರಿಯಬಲ್ಲರು. ಹೀಗೆ ರಾಕೆಟ್ಟು ತಾನು ಕೊಲ್ಲದೆಯೂ ತನ್ನ ಪಕ್ಕದ ಕಾಯಿಯ ಬೆಲೆಯನ್ನು ಹೆಚ್ಚಿಸುತ್ತದೆ. ಇದೇ ನಡೆಯುಳ್ಳ ಕಾಯಿ.

ಹೊರಗಿನವರು ಮಾಡಿದ ಕೆಲಸವೂ ಇದೇ ಒರೆಗಲ್ಲಿಗೆ ಬರಬೇಕು. ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಆಟಕ್ಕೆ ಅಭಿಮಾನಿಗಳು ತಾವಾಗಿ ಸೇರಿಸಿದ ವಿಸ್ತರಣವೊಂದು 2013ರಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಇಡೀ ಭಾರತ ಅದರಲ್ಲಿ ಒಂದೇ ಜನಾಂಗವಾಗಿ ಬಂದಿತು. 2022ರಲ್ಲಿ ಅದನ್ನು ನಾಲ್ಕಾಗಿ ಒಡೆದಾಗ ದಕ್ಷಿಣದ ನಾಡುಗಳಿಗೆಲ್ಲ ‘ದ್ರಾವಿಡರು’ ಎಂಬ ಒಂದೇ ಹೆಸರಾಯಿತು. ಚಾಲುಕ್ಯರಿಗೂ ಹೊಯ್ಸಳರಿಗೂ ಬೇರೆ ಕಾಯಿಗಳಿಲ್ಲವೆಂದು ಕನ್ನಡಿಗರು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದುದೇ. ಆದರೂ ಆ ಪಂಗಡಕ್ಕೆ ಕೊಟ್ಟ ಉರುಮಿ ಭಟನ ಕಲ್ಪನೆಯನ್ನು ಮೆಚ್ಚಬೇಕು. ಕೇರಳದ ಕಳರಿಯ ಬಳುಕುವ ಕತ್ತಿ ಅದು. ಆ ಭಟನು ಸ್ವಲ್ಪ ಕಾಲ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಗೆ ಬೀಸಿದಾಗ ಸುತ್ತಲಿನ ಹಲವರಿಗೆ ಪೆಟ್ಟು ಬೀಳುತ್ತದೆ. ಕತ್ತಿಯ ಬಳುಕೇ ಕಾಯಿಯ ನಡೆಯಾಗಿದೆ. ಹೆಸರು ದೂರದವರು ಇಟ್ಟದ್ದಾದರೂ ನಡೆ ಸರಿಯಾಗಿದೆ. ನಮ್ಮವರು ಇಟ್ಟ ಹೆಸರು ಸರಿಯಾಗಿದ್ದು ನಡೆ ತಪ್ಪಿದ್ದರೆ ಆಗುವ ಹಾನಿ ಇದಕ್ಕಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ.

ಈ ಅಳತೆಗೋಲನ್ನು ಹಿಡಿದು ನಾವು ಮುಮ್ಮಡಿಯವರ ಕೃತಿಗಳಿಗೆ ಬರೋಣ. 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಈ ದೊರೆಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ನಿಜವಾದ ಸೈನ್ಯವಿಲ್ಲದವರು ಆಟದ ಸೈನ್ಯವನ್ನು ಕಟ್ಟಿ ಸಮಾಧಾನ ಪಟ್ಟರೆಂದು ಹೇಳಿಬಿಡುವುದು ಸುಲಭ. ಆದರೆ ಅದು ಕೃತಿವಿಮರ್ಶೆಯಲ್ಲ, ಅನುಕಂಪ. ಕೃತಿಯನ್ನು ಕೃತಿಯಾಗಿಯೇ ನೋಡಬೇಕು.

ಗಂಜೀಫಾ ಎಲೆಗಳ ಆಟವನ್ನು ವಿಸ್ತರಿಸಿ ಅವರು ಕಲ್ಪಿಸಿದ ಆಟಗಳಿಗೆ ‘ಛದ’ ಎಂದು ಹೆಸರು. ಇವುಗಳಲ್ಲಿ ಒಂದು ಬಣ್ಣಕ್ಕೆ ಸಾಮಾನ್ಯವಾಗಿ 12 ಅಂಕಿಯ ಎಲೆಗಳೂ 6 ಆಸ್ಥಾನದ ಎಲೆಗಳೂ ಇರುತ್ತವೆ. ಕೆಲವು ಆಟಗಳಲ್ಲಿ ಬಣ್ಣಗಳೇ 18ರವರೆಗೆ ಏರುತ್ತವೆ. ಒಂದು ಕಟ್ಟಿನ ಎಲೆಗಳು 360ರವರೆಗೆ ಹೋಗುತ್ತವೆ. ದೇವತೆಗಳೂ ವಾಹನಗಳೂ ಲಾಂಛನಗಳೂ ಅಂಗೈಯಗಲದ ಎಲೆಯ ಮೇಲೆ ಸೂಕ್ಷ್ಮವಾದ ಬಣ್ಣಗಳಲ್ಲಿ ಮೂಡಿವೆ. ಮೈಸೂರು ಚಿತ್ರಕಲೆಯ ಸೊಗಸು ಅವುಗಳಲ್ಲಿ ಪೂರ್ಣವಾಗಿದೆ. ಆದರೂ ಈ ಆಟಗಳು ಅರಮನೆಯ ಹೊರಗೆ ಹರಡಲಿಲ್ಲ. ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಒಂಬತ್ತನೆಯ ಬಣ್ಣಕ್ಕೂ ಹದಿನೇಳನೆಯ ಬಣ್ಣಕ್ಕೂ ಆಟಗಾರನ ಕೈಯಲ್ಲಿ ಆಗುವ ಭೇದ ಬಹಳ ಸ್ವಲ್ಪ. ರೂಪ ಬೇರೆ, ಹೆಸರು ಬೇರೆ. ನಡೆ ಬಹುಮಟ್ಟಿಗೆ ಅದೇ. ನೆನಪಿನ ಹೊರೆ ಬೆಳೆಯಿತು, ಯೋಚನೆಯ ಕವಲು ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಇದಕ್ಕೆ ಒಂದು ಪ್ರತಿವಾದವುಂಟು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ‘ಶ್ರೀತತ್ತ್ವನಿಧಿ’ ಮೂಲತಃ ದೇವತಾರೂಪಗಳ ಕೋಶ. ಛದವನ್ನೂ ಕೋಶವೆಂದೇ ನೋಡಿದರೆ, ಆಟಗಾರನು ಎಲೆಯನ್ನು ಎಸೆಯುವಾಗಲೆಲ್ಲ ಒಂದು ಮೂರ್ತಿಯನ್ನು ಸ್ಮರಿಸುತ್ತಾನೆ. ಎಲೆಗಳ ಸಂಖ್ಯೆ ಹೆಚ್ಚಿದಷ್ಟೂ ಸ್ಮರಣೆಯ ಅವಕಾಶ ಹೆಚ್ಚುತ್ತದೆ. ಹಾಗೆ ನೋಡಿದಾಗ ನಾವು ದೋಷವೆಂದುದೇ ಗುಣವಾಗುತ್ತದೆ. ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಒಪ್ಪುವಾಗ ಅವು ಆಟಗಳಾಗಿ ಅಲ್ಲ, ಕೋಶಗಳಾಗಿ ಗೆದ್ದವೆಂದು ಹೇಳಬೇಕಾಗುತ್ತದೆ. ಅವು ಇಂದು ಆಡುವವರ ಕೈಗಿಂತ ಹೆಚ್ಚಾಗಿ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುದು ಈ ತೀರ್ಮಾನಕ್ಕೆ ಅನುಗುಣವಾಗಿಯೇ ಇದೆ.

ಮುಮ್ಮಡಿಯವರ ಆಟದ ಪ್ರತಿಭೆ ನಿಜವಾಗಿ ಬೆಳಗಿದುದು ಬೇರೊಂದು ಕಡೆ. ಚದುರಂಗದ ಕುದುರೆಯೊಂದನ್ನೇ ಹಿಡಿದು, ಒಮ್ಮೆ ಮುಟ್ಟಿದ ಮನೆಯನ್ನು ಮತ್ತೆ ಮುಟ್ಟದೆ ಮನೆಗಳನ್ನೆಲ್ಲ ಸುತ್ತಿಸುವ ತುರಗಬಂಧ ಬಹಳ ಹಳೆಯದು; ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಒಂಬತ್ತನೆಯ ಶತಮಾನಕ್ಕಾಗಲೇ ಅದು ಚಿತ್ರಕಾವ್ಯವಾಗಿ ಬಂದಿದೆ. ಮುಮ್ಮಡಿಯವರು ಇದಕ್ಕೆ ಇನ್ನೊಂದು ಕಟ್ಟನ್ನು ಬಿಗಿದರು. ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕೆಗಳನ್ನು ಬರೆದಾಗ ಪ್ರತಿಯೊಂದು ಅಡ್ಡಸಾಲೂ ಪ್ರತಿಯೊಂದು ಕಂಬಸಾಲೂ ಕೂಡಿ 260 ಆಗಬೇಕು. ಅಂಥ ಬಂಧವೊಂದನ್ನು ಅವರು 1852ರಲ್ಲಿ ಸಾಧಿಸಿದರು. 1861ರಲ್ಲಿ ಅವರೇ ಕಟ್ಟಿಸಿದ ಜಗನ್ಮೋಹನ ಅರಮನೆಯಲ್ಲಿ ಅವರ ತುರಗಬಂಧವನ್ನು ಇಟ್ಟಿದ್ದಾರೆ. ಇಲ್ಲಿ ಹೊಸ ಕಾಯಿ ಒಂದೂ ಇಲ್ಲ. ಹಳೆಯ ಕುದುರೆ, ಹಳೆಯ ನಡೆ, ಹಳೆಯ ಹಲಗೆ. ಒಂದು ನಡೆಯೊಳಗೆ ಅಡಗಿದ್ದುದನ್ನು ಕೊನೆಯವರೆಗೂ ಹಿಂಡಿ ತೆಗೆದಿದ್ದಾರೆ. 360 ಎಲೆಗಳು ಕೊಡಲಾರದ ಅಚ್ಚರಿಯನ್ನು ಒಂದೇ ಕುದುರೆ ಕೊಟ್ಟಿತು.

ನಮ್ಮ ಜಗಲಿಗಳ ಹುಲಿ-ಕುರಿಯಾಟವೂ ಇದನ್ನೇ ಹೇಳುತ್ತದೆ. ಮೂರು ಹುಲಿ, ಹದಿನೈದು ಕುರಿ. ಎರಡೇ ಬಗೆಯ ಕಾಯಿ. ಹುಲಿ ಹಾರಿ ತಿನ್ನಬಲ್ಲುದು, ಕುರಿ ತಿನ್ನಲಾರದು. ಆದರೆ ಕುರಿಗಳು ಒತ್ತಾಗಿ ನಿಂತರೆ ಹುಲಿಗೆ ದಾರಿಯಿಲ್ಲ. ಹುಲಿಯೆಂದರೇನೆಂಬುದನ್ನು ಕುರಿ ಹೇಳುತ್ತದೆ, ಕುರಿಯೆಂದರೇನೆಂಬುದನ್ನು ಹುಲಿ ಹೇಳುತ್ತದೆ. ರೂಪವೆಂಬುದು ಇಲ್ಲಿ ಇಲ್ಲವೇ ಇಲ್ಲ. ಒಂದು ಹುಣಸೆಬೀಜ, ಒಂದು ಕಲ್ಲುಚೂರು ಸಾಕು. ಎಡಿಟರಿನಿಂದ ಹುಟ್ಟಿ ಲೋಕವನ್ನು ಗೆದ್ದ ಆಟವೂ ಇದೇ ದಾರಿಯದು. 2003ರಲ್ಲಿ ವಾರ್‌ಕ್ರಾಫ್ಟಿನ ಎಡಿಟರಿನಲ್ಲಿ ರೂಪುಗೊಂಡ ‘ಡೋಟಾ’ ಆಟದಲ್ಲಿ ಒಬ್ಬ ಆಟಗಾರನಿಗೆ ಸೈನ್ಯದ ಬದಲು ಒಬ್ಬ ವೀರನನ್ನು ಮಾತ್ರ ಒಪ್ಪಿಸಲಾಯಿತು. ಉಳಿದ ಭಟರು ತಾವಾಗಿ ನಡೆಯುತ್ತಾರೆ. ಆ ವೀರರ ಪ್ರಾಣಬಲವನ್ನು ಏರಿಸಿದುದರಿಂದಲ್ಲ, ಆಟಗಾರನಿಗೂ ಕಾಯಿಗೂ ಇರುವ ಸಂಬಂಧವನ್ನು ಬದಲಾಯಿಸಿದುದರಿಂದ ಹೊಸದೊಂದು ಆಟದ ಜಾತಿಯೇ ಹುಟ್ಟಿತು.

ಹಾಗಾದರೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ತರುಣನೊಬ್ಬನು ಇಂದು ಎಡಿಟರಿನ ಮುಂದೆ ಕುಳಿತು ತನ್ನ ಸೀಮೆಯ ಕಾಯಿಯೊಂದನ್ನು ಮಾಡಬೇಕೆಂದರೆ ಏನು ಮಾಡಬಹುದು? ಅವನ ನೆರೆಯಲ್ಲಿಯೇ ಆನೆಯ ಕಾಡಿದೆ. ತಂತ್ರದಾಟಗಳಲ್ಲಿ ಆನೆಯು ಕಟ್ಟಡವೊಂದರಿಂದ ಅರೆನಿಮಿಷದಲ್ಲಿ, ಆಹಾರ ಚಿನ್ನಗಳ ಬೆಲೆಗೆ, ಇಟ್ಟಿಗೆಯಂತೆ ಹೊರಬರುತ್ತದೆ. ಆದರೆ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಬಗೆಯನ್ನು ಬಲ್ಲವರಿಗೆ ಆನೆ ಹಾಗೆ ಬರುವುದಿಲ್ಲವೆಂದು ಗೊತ್ತು. ಕಾಡಿನ ಹಿಂಡನ್ನು ಸುತ್ತುಗಟ್ಟಿ, ಕಪಿಲೆಯನ್ನು ದಾಟಿಸಿ ಆವರಣದೊಳಕ್ಕೆ ಅಟ್ಟಿ, ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಕಟ್ಟಿಹಾಕುತ್ತಿದ್ದರು. ಆಮೇಲೆ ಪಳಗಿಸುವ ದೀರ್ಘಕಾಲದ ಕೆಲಸ. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಈ ತಿಳಿವಳಿಕೆಯುಳ್ಳ ನಿರ್ಮಾಪಕನು ಆನೆಯ ಬಲದ ಅಂಕಣವನ್ನು ಮುಟ್ಟಬೇಕಾಗಿಲ್ಲ. ಆನೆಯನ್ನು ಹುಟ್ಟಿಸುವ ಕಟ್ಟಡವನ್ನೇ ತೆಗೆದುಹಾಕಲಿ. ನಕ್ಷೆಯ ಅಂಚಿನ ಕಾಡಿನಲ್ಲಿ ಯಾರಿಗೂ ಸೇರದ ಆನೆಗಳನ್ನು ಬಿಡಲಿ. ಅನ್ಯರ ಕಾಯಿಯನ್ನು ತನ್ನ ಕಡೆಗೆ ಒಲಿಸಿಕೊಳ್ಳುವ ಶಕ್ತಿ ವಾರ್‌ಕ್ರಾಫ್ಟಿನಲ್ಲಿ ಈಗಾಗಲೇ ಇದೆ. ಅದನ್ನು ಕುಮ್ಕಿಗೆ ಕೊಟ್ಟು, ಬಹುಕಾಲಕ್ಕೊಮ್ಮೆ ಮಾತ್ರ ಸಲ್ಲುವಂತೆ ಮಾಡಲಿ. ಆಗ ಕುಮ್ಕಿಯನ್ನು ಕಳೆದುಕೊಂಡ ದೊರೆಗೆ ಮುಂದೆ ಆನೆಯೇ ಇಲ್ಲ. ಕಾಡು ಯಾರ ವಶದಲ್ಲಿದೆಯೆಂಬುದು ಕೋಟೆಯಷ್ಟೇ ಮುಖ್ಯವಾಗುತ್ತದೆ. ಹೊಳೆಯ ಕಡಹಿನಲ್ಲಿ ಹೊಸ ಯುದ್ಧಗಳು ಹುಟ್ಟುತ್ತವೆ. ಕಾಯಿಯ ಹೆಸರು ಆನೆಯೆಂದೇ ಇರಲಿ; ನಡೆ ಮಾತ್ರ ಹೆಗ್ಗಡದೇವನಕೋಟೆಯದು.

ನಮ್ಮ ತರುಣರು ಈ ಕೆಲಸವನ್ನು ಲಘುವಾಗಿ ಎಣಿಸಬಾರದೆಂಬುದು ನಮ್ಮ ಆಶಯ. ಪರದೇಶದ ಮಾತೃಕೆಗೆ ನಮ್ಮ ವೀರರ ಹೆಸರನ್ನು ಅಂಟಿಸುತ್ತ ಹೋದರೆ, ಮುಂದಿನ ಪೀಳಿಗೆಯವರು ಆಡಿ ಅರಿಯುವ ಮೈಸೂರು ಪರರ ಎಲುಬಿನ ಮೇಲೆ ನಮ್ಮ ಬಟ್ಟೆಯನ್ನುಟ್ಟ ಮೈಸೂರಾಗುತ್ತದೆ. ಹೊಸ ಕಾಯಿಯನ್ನು ಮಾಡಿದವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರ ಹೆಸರನ್ನೂ ವೇಷವನ್ನೂ ಕಳಚಿ, ಇದರ ಸ್ಥಾನದಲ್ಲಿ ಒಂದು ಹುಣಸೆಬೀಜವನ್ನಿಟ್ಟು ಆಡಿದರೆ, ಎದುರು ಕುಳಿತವನು ಇದನ್ನು ಗುರುತಿಸಬಲ್ಲನೆ? ಗುರುತಿಸಬಲ್ಲನಾದರೆ ಕಾಯಿ ಹುಟ್ಟಿದೆ.